ಇಂಜಿನಿಯರ್ ತುಳಿದ ಸೈಕಲ್

"ಗುರುಗಳೇ, ಮನಸ್ಸಿನಲ್ಲಿ ಕರುಣೆ ಹುಟ್ಟಿದವನಿಗೆ ಕಟ್ಟಳೆ ಏಕೆ ಬೇಕು?" ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಅಂದು ಬಡಿಸುವ ಸರದಿ ಅವನದು. ಬಡಿಸುವವನು ಎಲ್ಲರ ಊಟ ಮುಗಿಯುವವರೆಗೆ ತುತ್ತು ಎತ್ತುವಂತಿಲ್ಲ ಎಂಬುದು ಆ ಮಠದ ಕಟ್ಟಳೆ. ಹಸಿದವರ ಮೇಲೆ ನನಗೆ ಮೊದಲೇ ಕರುಣೆ ಇದೆಯಲ್ಲ, ಮತ್ತೆ ಈ ಕಟ್ಟಳೆ ಯಾರಿಗಾಗಿ ಎಂದು ಅವನಿಗೆ ಕುತೂಹಲ. ಜೊತೆಗೆ ಸ್ವಲ್ಪ ಹಸಿವೂ ಇತ್ತು. ಗುರುವಿಗೆ ಎರಡೂ ತಿಳಿಯಿತು.

"ಕುಳಿತುಕೋ. ಒಬ್ಬ ಇಂಜಿನಿಯರ್ ಕತೆ ಹೇಳುತ್ತೇನೆ. ಪುರಾಣದಲ್ಲಿ ಹುಡುಕಬೇಡ, ಸಿಗುವುದಿಲ್ಲ," ಎಂದು ಗುರು ಕತೆ ಶುರು ಮಾಡಿದರು.

ಒಂದು ಸಣ್ಣ ನಗರ. ಅಲ್ಲಿ ಬಸ್ ನಿಲ್ದಾಣದಿಂದ ಬರುವ ರಸ್ತೆ ಒಂದು ಕಡೆ ಕವಲೊಡೆಯುತ್ತಿತ್ತು. ನೇರ ಹೋದರೆ ಹೈಸ್ಕೂಲು, ಎಡಕ್ಕೆ ತಿರುಗಿದರೆ ಮಂಡಿಪೇಟೆ. ಆ ಮೂಲೆಯ ಎದುರಿಗೆ ಒಬ್ಬ ಹೆಂಗಸು ಗಾಡಿ ಇಟ್ಟುಕೊಂಡು ಇಡ್ಲಿ ಮಾರುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು. ಎಂಟನೇ ತರಗತಿಗೆ ಬಂದ ವರ್ಷ ಆ ಹುಡುಗಿಗೆ ಶಾಲೆಯಲ್ಲಿ ಸೈಕಲ್ ಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ಅವಳ ಜೊತೆ ಓದುವ ಇನ್ನೊಬ್ಬಳಿಗೆ ಅದೇ ಮೂಲೆಯಲ್ಲಿ ಟೆಂಪೋ ಬಡಿದು ಕಾಲು ಮುರಿಯಿತು. ಅಂದು ಸಂಜೆಯೇ ತಾಯಿ ಮಗಳ ಸೈಕಲ್ಲನ್ನು ಗಾಡಿಗೆ ಸರಪಳಿ ಹಾಕಿ ಬಿಗಿದಳು. ಈ ರಸ್ತೆ ಹೀಗೆಯೇ ಇದ್ದರೆ ಜೂನ್‌ನಲ್ಲಿ ಮಗಳನ್ನು ಶಾಲೆಗೆ ಕಳಿಸುವುದಿಲ್ಲ, ಹಿಟ್ಟು ರುಬ್ಬಿಕೊಂಡು ಇರಲಿ ಎಂದಳು. ಹುಡುಗಿ ಎರಡು ದಿನ ಅತ್ತಳು. ತಾಯಿ ಮಣಿಯಲಿಲ್ಲ.

ನಗರಸಭೆಯ ಇಂಜಿನಿಯರ್ ದಿನಾ ಅಲ್ಲೇ ಇಡ್ಲಿ ತಿನ್ನುತ್ತಿದ್ದ. ಈ ಸುದ್ದಿ ಕೇಳಿ ಅವನ ಕರುಳು ಚುರ್ ಎಂದಿತು. ನೋಡೋಣ, ಮಾಡೋಣ ಎಂದು ಕಾಲ ತಳ್ಳುವವನಲ್ಲ ಅವನು. ಒಳ್ಳೆಯ ಮನುಷ್ಯ. ಇದನ್ನು ನೆನಪಿಟ್ಟುಕೋ. ವಾರದೊಳಗೆ ಮೂಲೆಯ ಮುಂಚೆ ಒಂದು ಹಂಪ್ ಹಾಕಿಸಿದ. ಎಮ್ಮೆ ಮಲಗಿದ ಹಾಗೆ ದಪ್ಪಗಿತ್ತು. ಬಿಳಿ ಪಟ್ಟೆಯನ್ನೂ ಬಳಿಸಿದ. ಮಳೆ ನೀರು ಹರಿದುಹೋಗಲೆಂದು ಅಂಚಿನಲ್ಲಿ ಒಂದೂವರೆ ಅಡಿ ಸಂದು ಬಿಟ್ಟ. ಎಲ್ಲರೂ ಬಿಡುತ್ತಾರೆ, ಅವನೂ ಬಿಟ್ಟ.

ಮುಂದೆ ಆದದ್ದು ನಮ್ಮ ಕಡೆ ಬೈಕ್ ಓಡಿಸಿದ ಎಲ್ಲರಿಗೂ ಗೊತ್ತು. ಹಂಪ್ ಕಂಡೊಡನೆ ಸ್ಕೂಟರು, ಬೈಕುಗಳೆಲ್ಲ ಆ ಸಂದಿಗೆ ನುಗ್ಗಿದವು. ಆಟೋದವರು ಒಂದು ಚಕ್ರವನ್ನಾದರೂ ಅಲ್ಲಿ ತೂರಿಸಿದರು. ನಡೆಯುವವರು ನಡೆಯುವುದೂ ಅದೇ ಅಂಚಿನಲ್ಲಿ, ಸೈಕಲ್ಲಿನವರು ಹೋಗುವುದೂ ಅಲ್ಲಿಯೇ. ಮೊದಲು ನಡುವೆ ಓಡುತ್ತಿದ್ದ ಗಾಡಿಗಳನ್ನು ಈಗ ನಮ್ಮ ಮೈಮೇಲೆ ಕಳಿಸಿದಿರಿ ಎಂದು ಇಡ್ಲಿಯವಳು ಮುಖದ ಮೇಲೆಯೇ ಹೇಳಿದಳು.

ಇಂಜಿನಿಯರ್ ನಾಚಿದ. ಮರುದಿನವೇ ಸಂದನ್ನು ಮುಚ್ಚಿಸಿದ. ಮೇ ತಿಂಗಳ ಮೊದಲ ಮಳೆಗೆ ನೀರು ಹೋಗಲು ದಾರಿಯಿಲ್ಲದೆ ಅಂಚೆಲ್ಲ ಕೆರೆಯಾಯಿತು. ಸೀರೆ ಎತ್ತಿ ಹಿಡಿದ ಹೆಂಗಸರು, ಕೋಲೂರಿದ ಮುದುಕರು ಎಲ್ಲರೂ ಕೆಸರಿಗೆ ಹೆದರಿ ರಸ್ತೆಯ ನಡುವೆಯೇ ನಡೆಯತೊಡಗಿದರು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಶಿಷ್ಯ ನಕ್ಕ.

ನಗಬೇಡ, ಅವನ ಕರುಣೆ ನಿಜವಾದದ್ದೇ. ಅವನು ಇಡ್ಲಿ ಗಾಡಿಯ ಬಳಿಗೆ ಹೋಗಿ, "ನನಗೆ ತಿಳಿದದ್ದೆಲ್ಲ ಮಾಡಿದೆ ಕಣಮ್ಮ. ಇನ್ನೇನು ಮಾಡಲಿ, ನೀನೇ ಹೇಳು," ಎಂದ.

ಅವಳು ಕೈ ಒರೆಸಿಕೊಂಡು ಸರಪಳಿ ಬಿಚ್ಚಿದಳು. ಸೈಕಲ್ಲನ್ನು ತಂದು ಅವನ ಮುಂದೆ ನಿಲ್ಲಿಸಿದಳು. "ನೀವೇ ಒಂದ್ ವಾರ ಇದನ್ನ ತುಳೀರಿ ಸಾಹೇಬ್ರೇ. ಆಮೇಲೆ ನನ್ ಮಗಳನ್ನ ಕಳಿಸ್ಲೋ ಬೇಡ್ವೋ ಅಂತ ನೀವೇ ಹೇಳಿ. ನೀವ್ ಹೇಳ್ದಂಗೆ ಕೇಳ್ತೀನಿ."

ಐವತ್ತು ಸಮೀಪಿಸಿದ ಆಸಾಮಿ, ಹೊಟ್ಟೆ ಬೇರೆ ಬಂದಿತ್ತು. ಹುಡುಗಿಯ ಸೈಕಲ್ ಏರಿ ಕಚೇರಿಗೆ ಹೊರಟರೆ ಪೇಟೆಗೆ ಪೇಟೆಯೇ ನಿಂತು ನೋಡಿತು. ಅವನು ಅದನ್ನು ಲೆಕ್ಕಿಸಲಿಲ್ಲ. ಆದರೆ ಮೊದಲ ದಿನವೇ ಒಂದು ಸಂಗತಿ ತಿಳಿದು ಬೆರಗಾದ. ಇಷ್ಟು ವರ್ಷ ಅವನು ರಸ್ತೆಯನ್ನು ನಕ್ಷೆಯಲ್ಲಿ ಮೇಲಿನಿಂದ ನೋಡಿದ್ದ, ಜೀಪಿನಲ್ಲಿ ಕುಳಿತು ಮುಂದಿನಿಂದ ನೋಡಿದ್ದ. ಸೈಕಲ್ ಮೇಲೆ ಕುಳಿತವನಿಗೆ ರಸ್ತೆ ಇರುವುದು ಬೆನ್ನ ಹಿಂದೆ. ಅಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಕಿವಿಯಿಂದಲೇ ನೋಡಬೇಕು.

ಮೂರನೆಯ ದಿನ ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ಆ ಮೂಲೆ ಬಂದಾಗಲೆಲ್ಲ ಅವನ ಕಾಲು ತಾನಾಗಿ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಿತ್ತು. ಏಕೆ? ಇಳಿದು ನಿಂತು ನೋಡಿದ. ಹಂಪ್ ದಾಟಿದೊಡನೆ ವೇಗ ಹೆಚ್ಚಿಸುತ್ತಿದ್ದ ಗಾಡಿಗಳು ಮಂಡಿಪೇಟೆಗೆ ತಿರುಗುವಾಗ ಅದನ್ನು ತಗ್ಗಿಸುತ್ತಲೇ ಇರಲಿಲ್ಲ. ನೇರ ಹೋಗುವ ಸೈಕಲ್ಲಿಗೆ ಅಡ್ಡ ಹಾಯ್ದು ಹಾಗೆಯೇ ಬಳಸಿಕೊಂಡು ಹೋಗುತ್ತಿದ್ದವು. ಟೀ ಕುಡಿಯಲು ಇಳಿದಿದ್ದ ಒಬ್ಬ ಲಾರಿ ಚಾಲಕನನ್ನೇ ಕೇಳಿದ: "ಇಲ್ಲಿ ಯಾಕಪ್ಪ ನಿಧಾನ ಮಾಡೋದಿಲ್ಲ?"

ಚಾಲಕನಿಗೆ ಆಶ್ಚರ್ಯವಾಯಿತು. "ನಾವ್ ನಿಧಾನ ಹೋಗ್ಬೇಕು ಅನ್ನೋದಿದ್ರೆ ಮೂಲೇನ ಇಷ್ಟು ಅಗಲ ಯಾಕ್ ಮಾಡಿಸ್ತಿದ್ರಿ ಸಾರ್?"

ಇಂಜಿನಿಯರ್ ತಿರುಗಿ ಮೂಲೆಯನ್ನು ನೋಡಿದ. ಮೂರು ವರ್ಷಗಳ ಹಿಂದೆ ಲಾರಿಗಳು ಸಲೀಸಾಗಿ ತಿರುಗಲೆಂದು ಆ ಮೂಲೆಯನ್ನು ಒಡೆಸಿ ಅಗಲ ಮಾಡಿಸಿದವನು ಅವನೇ. ವರ್ತಕರು ಬಂದು ಕಷ್ಟ ಹೇಳಿಕೊಂಡಿದ್ದರು. ಅವತ್ತೂ ಅವನಿಗೆ ಕರುಣೆ ಬಂದಿತ್ತು.

ವಾರ ಮುಗಿದ ಮೇಲೆ ಅವನು ಹಂಪನ್ನು ಕೀಳಿಸಿದ. ಒಡೆಸಿದ ಮೂಲೆಯನ್ನು ಮತ್ತೆ ಮುಂದಕ್ಕೆ ತಂದು, ಅದರ ಅಂಚಿಗೆ ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ನೆಡಿಸಿದ. ಈಗ ಯಾವ ಗಾಡಿಯಾದರೂ ಹೆಚ್ಚುಕಡಿಮೆ ನಿಂತೇ ತಿರುಗಬೇಕು. ನಡೆಯುವವರಿಗೆ ಕಲ್ಲುಗಳ ಒಳಗೆ ನಿಲ್ಲಲು ಜಾಗ ಸಿಕ್ಕಿತು, ದಾಟಬೇಕಾದ ಅಗಲ ಅರ್ಧಕ್ಕೆ ಇಳಿಯಿತು. ವರ್ತಕರು ಗಲಾಟೆ ಮಾಡಿದರು. ಕಲ್ಲು ಯಾಕೆ, 'ನಿಧಾನವಾಗಿ ಚಲಿಸಿ' ಎಂದು ಒಂದು ಬೋರ್ಡ್ ಹಾಕಿದರೆ ಸಾಕು, ನಮ್ಮ ಜನ ಒಳ್ಳೆಯವರು, ಅರ್ಥ ಮಾಡಿಕೊಳ್ಳುತ್ತಾರೆ ಎಂದರು. ಇಂಜಿನಿಯರ್ ಎಲ್ಲರಿಗೂ ಕೈ ಮುಗಿದ, ಕಲ್ಲು ಮಾತ್ರ ಕೀಳಲಿಲ್ಲ.

ಜೂನ್ ಬಂತು. ಇಡ್ಲಿಯವಳು ಅವನ ಮುಖ ನೋಡಿದಳು. ಕಳಿಸು ಎಂದ. ಹುಡುಗಿ ಸೈಕಲ್ ಏರಿದಳು. ತಾಯಿ ಗಾಡಿಯನ್ನು ಹಾಗೆಯೇ ಬಿಟ್ಟು ಮೂಲೆಯವರೆಗೆ ಹಿಂದೆಯೇ ಓಡಿದಳು. ಮಗಳು ದಾಟಿ ಹೋದದ್ದನ್ನು ಕಂಡು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಇಂಜಿನಿಯರ್‌ನ ಕಣ್ಣೂ ಒದ್ದೆಯಾಯಿತು.

ಗುರು ನಿಲ್ಲಿಸಿದರು. ಕತೆ ಮುಗಿಯಿತೆಂದು ಶಿಷ್ಯ ಉತ್ಸಾಹದಿಂದ, "ನಾನು ಹೇಳಿದ್ದೂ ಅದೇ ಗುರುಗಳೇ. ಅವನಲ್ಲಿ ಕರುಣೆ ಇತ್ತು, ಅದಕ್ಕೇ ಎಲ್ಲ ಸರಿಹೋಯಿತು," ಎಂದ.

"ಇನ್ನೂ ಮುಗಿದಿಲ್ಲ ಮಾರಾಯ. ಊಟಕ್ಕೆ ಅವಸರವೇ?" ಎಂದು ಗುರು ಮುಂದುವರಿಸಿದರು.

ಒಂದೂವರೆ ವರ್ಷ ಕಳೆಯಿತು. ಒಂದು ದಿನ ಮಂಡಿಪೇಟೆಯ ಆಚೆಗಿನ ದೊಡ್ಡ ಕಚೇರಿಯಲ್ಲಿ ಮೇಲಧಿಕಾರಿಯ ಸಭೆ. ಇಂಜಿನಿಯರ್‌ಗೆ ತಡವಾಗಿತ್ತು. ಚಾಲಕ ರಜೆಯಲ್ಲಿದ್ದ, ಜೀಪನ್ನು ತಾನೇ ಓಡಿಸುತ್ತಿದ್ದ. ಎಲ್ಲಿದ್ದೀರಿ, ಎಲ್ಲಿದ್ದೀರಿ ಎಂದು ಜೇಬಿನ ಫೋನು ಬಡಿದುಕೊಳ್ಳುತ್ತಿತ್ತು. ಮೂಲೆ ಹತ್ತಿರ ಬಂತು. ಮುಂದೆ ಎಡಗಡೆ ಒಂದು ಸೈಕಲ್ ಹೋಗುತ್ತಿತ್ತು. ಅವನು ಹಾರನ್ ಹೊಡೆದ. ಸೈಕಲ್ ಸರಿಯಲಿಲ್ಲ. ಮತ್ತೆ ಹೊಡೆದ. ಬೆಳಗ್ಗೆ ಬೆಳಗ್ಗೆ ಎಲ್ಲಿಂದ ಬರುತ್ತಾರೋ ಇವರೆಲ್ಲ ಎಂದು ಬೈದುಕೊಂಡ. ಅದಕ್ಕೆ ಅಡ್ಡ ಹಾಯ್ದು ಎಡಕ್ಕೆ ತಿರುಗಿಬಿಡೋಣ ಎಂದು ಆಕ್ಸಿಲರೇಟರ್ ಒತ್ತಿದ.

ತಿರುಗಲಾಗಲಿಲ್ಲ. ಎದುರಿಗೆ ಕಲ್ಲಿನ ಸಾಲಿತ್ತು. ಬ್ರೇಕ್ ತುಳಿದ. ಜೀಪು ಕಿರುಚಿಕೊಂಡು ಕಲ್ಲಿಗೆ ಗೇಣು ದೂರದಲ್ಲಿ ನಿಂತಿತು. ಸೈಕಲ್ ತನ್ನ ಪಾಡಿಗೆ ನೇರ ದಾಟಿತು. ಆಚೆ ಹೋದ ಮೇಲೆ ಅದರಲ್ಲಿದ್ದವಳು ತಿರುಗಿ ನೋಡಿದಳು. ಇಡ್ಲಿಯವಳ ಮಗಳು. ಜೀಪಿನಲ್ಲಿದ್ದವನನ್ನು ಗುರುತು ಹಿಡಿದು, ತನಗಾಗಿ ನಿಲ್ಲಿಸಿದರೆಂದೇ ತಿಳಿದು, ನಕ್ಕು ನಮಸ್ಕಾರ ಮಾಡಿ ಶಾಲೆಯ ಕಡೆಗೆ ಹೋದಳು.

ಅವನು ಜೀಪಿನ ಇಂಜಿನ್ ಆರಿಸಿದ. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿದ್ದರೂ ಅಲ್ಲೇ ಕುಳಿತಿದ್ದ.

ಶಿಷ್ಯನಿಗೆ ಕಸಿವಿಸಿಯಾಯಿತು. "ಅಷ್ಟು ಒಳ್ಳೆಯವನು ಗುರುಗಳೇ. ಒಂದು ವಾರ ಆ ಸೈಕಲ್ಲನ್ನೇ ತುಳಿದವನು. ಅವತ್ತು ಅವನ ಕರುಣೆ ಎಲ್ಲಿಗೆ ಹೋಗಿತ್ತು?"

"ಎಲ್ಲಿಗೂ ಹೋಗಿರಲಿಲ್ಲ, ಆ ಮೂಲೆಯಲ್ಲಿ ಕಲ್ಲಾಗಿ ನಿಂತಿತ್ತು," ಎಂದರು ಗುರು.