ಹೆಪ್ಪಿಗೆ ಉಳಿಸಿದ ಎಣ್ಣೆ

"ಬುದ್ಧಿ, ನಾನು ಎಲ್ಲವನ್ನೂ ಬಿಟ್ಟಿದ್ದೀನಿ. ಆದ್ರೂ ಮನಸ್ಸು ಯಾಕೆ ತಿಳಿಯಾಗೋದಿಲ್ಲ?"

ಮರುಳಯ್ಯ ಹೀಗೆ ಕೇಳಿದಾಗ ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಮಠದ ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದರು. ಮರುಳಯ್ಯ ಸಂಸಾರಸ್ಥ, ಪ್ರತಿ ಸೋಮವಾರ ಬಂದು ಗುರುಗಳ ಮಾತು ಕೇಳಿಕೊಂಡು ಹೋಗುವವನು. ಈ ಸಲ ಸೋಮವಾರದವರೆಗೆ ತಡೆಯಲಾರದೆ ಬಂದಿದ್ದ. ಅವನ ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ತಮ್ಮನೇ ಮನೆಗೆ ಬಂದು, ನೀನೇ ಮುಂದೆ ನಿಂತು ನಡೆಸಿಕೊಡಬೇಕು ಅಣ್ಣ ಎಂದು ಕರೆದಿದ್ದ. ಮರುಳಯ್ಯ ಆಗಲಿ ಎಂದಿದ್ದ. ಅಂದಿನಿಂದ ಅವನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ.

"ಏನೇನು ಬಿಟ್ಟೆ?" ಎಂದರು ಗುರುಗಳು.

"ಬದುವಿನ ಜಗಳ ಬಿಟ್ಟೆ. ಬಾವಿ ನೀರಿನ ತಕರಾರು ಬಿಟ್ಟೆ. ಅವನ ಮೇಲಿದ್ದ ಸಿಟ್ಟೆಲ್ಲ ಬಿಟ್ಟೆ. ಪಾಲಾದ ದಿನ ನಾಲ್ಕು ಜನರ ಎದುರಿಗೆ ಅವನು ಒಂದು ಮಾತು ಆಡಿದ್ದ. ಅಣ್ಣ ಅಪ್ಪನ ಸೇವೆ ಮಾಡಿದ್ದು ಹೊಲದ ಆಸೆಗೆ ಅಂತ. ಅದೊಂದನ್ನ ಮಾತ್ರ ಒಳಗೆ ಇಟ್ಕೊಂಡಿದ್ದೀನಿ ಬುದ್ಧಿ. ಸಿಟ್ಟಿಗಲ್ಲ, ನೆನಪಿಗೆ. ಅದನ್ನೂ ಬಿಟ್ರೆ ನಾನು ಬರಿದಾಗ್ತೀನೇನೋ ಅನ್ನೋ ಭಯ." ಮರುಳಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಇಲ್ಲಿ ಕೂತಾಗ ತಿಳಿಯಾಗಿರ್ತೀನಿ. ಮನೆ ಸೇರೋ ಹೊತ್ತಿಗೆ ಮತ್ತೆ ಕಪ್ಪು. ಮದುವೆ ಚಪ್ಪರದಲ್ಲಿ ನನ್ನ ಬಾಯಿಂದ ಏನಾದ್ರೂ ಬಂದುಬಿಟ್ರೆ ಏನು ಗತಿ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಸಂತೆಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ದೈವಭಕ್ತ. ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರು ಪಾತ್ರೆ ಕೊಂಡರೂ ಅದರಲ್ಲಿ ಒಂದಷ್ಟು ಅಕ್ಕಿಕಾಳು ಹಾಕಿಯೇ ಕೊಡುತ್ತಿದ್ದ. ಬರಿಪಾತ್ರೆಯನ್ನು ಯಾರ ಕೈಗೂ ಇಡುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ಅಕ್ಕಿಯ ಡಬ್ಬ ತಳ ಕಾಣುವ ಮೊದಲೇ ತುಂಬಬೇಕು. ದೀಪ ಮಂಕಾಗುವ ಮೊದಲೇ ಎಣ್ಣೆ ಹೊಯ್ಯಬೇಕು. ಚೊಂಬಿನ ನೀರನ್ನು ಕೂಡ ಅವನು ಪೂರ್ತಿ ಕುಡಿಯುತ್ತಿರಲಿಲ್ಲ, ಒಂದು ಗುಟುಕು ಬಿಡುತ್ತಿದ್ದ. ಪಾತ್ರೆ ಬರಿದಾದರೆ ಮನೆ ಬರಿದಾಗುತ್ತದೆ ಎಂದು ಅವನ ತಾಯಿ ಕಲಿಸಿದ್ದಳು.

ಅವನ ಒಬ್ಬಳೇ ಮಗಳನ್ನು ಘಾಟಿಯ ಕೆಳಗಿನ ಊರಿಗೆ ಕೊಟ್ಟಿತ್ತು. ಅವಳು ಬಸುರಿ. ಏಳನೇ ತಿಂಗಳು ಮುಗಿಯುವುದರೊಳಗೆ ತವರಿಗೆ ಕರೆತರಬೇಕು. ಪಂಚಾಂಗ ನೋಡಿ ಗುರುವಾರ ಎಂದು ನಿಶ್ಚಯವಾಯಿತು. ವ್ಯಾಪಾರಿಯ ಬಳಿ ಒಂದು ಹಳೆಯ ಕಾರು ಇತ್ತು. ಅದರಲ್ಲೇ ಹೋಗಿ ಕರೆತರುವುದು ಎಂದಾಯಿತು.

ಆ ಕಾರಿಗೆ ಆಗ ಒಂದು ರೋಗ ಹಿಡಿದಿತ್ತು. ಸ್ಟೇರಿಂಗ್ ತಿರುಗಿಸಿದರೆ ನರಳುತ್ತಿತ್ತು. ಕೆಲವು ಸಲ ತಿರುವಿನ ನಡುವೆಯೇ ಬಿಗಿಯಾಗಿ ನಿಂತುಬಿಡುತ್ತಿತ್ತು. ಸಂತೆಬೀದಿಯಲ್ಲಿ ನಿಂತರೆ ಇಳಿದು ನೋಡಬಹುದು. ಘಾಟಿಯ ತಿರುವಿನಲ್ಲಿ ನಿಂತರೆ? ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ವ್ಯಾಪಾರಿ ಕಣ್ಣು ಮುಚ್ಚಿದರೆ ಸಾಕು, ಹಿಂದಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತ ಮಗಳು ಕಾಣುತ್ತಿದ್ದಳು.

"ಬಾಡಿಗೆ ಗಾಡಿ ಮಾಡ್ಕೊಂಡು ಹೋಗೋಣ" ಎಂದಳು ಹೆಂಡತಿ.

"ಬಾಡಿಗೆ ಡ್ರೈವರು ಘಾಟೀಲಿ ಹೆಂಗೆ ಓಡಿಸ್ತಾನೋ ಏನೋ. ನಾನೇ ಓಡಿಸಿದ್ರೆ ನನಗೆ ಧೈರ್ಯ."

"ನಿಮ್ಮ ಧೈರ್ಯ ಕಾಣ್ತಾ ಇದೆಯಲ್ಲ. ಮಜ್ಜಿಗೆ ಬಿಟ್ರೆ ಬೇರೇನೂ ಗಂಟಲಲ್ಲಿ ಇಳೀತಿಲ್ಲ."

ಊರಿನ ಗ್ಯಾರೇಜಿನವನು ಯಾತ್ರೆಗೆ ಹೋಗಿದ್ದ. ವ್ಯಾಪಾರಿ ಗಾಡಿಯ ಎಣ್ಣೆ ಮಾರುವ ಅಂಗಡಿಗೆ ಹೋದ. ಅಂಗಡಿಯವನು ಬಾನೆಟ್ ಎತ್ತಿ, ಸ್ಟೇರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ ಮೂಸಿ ನೋಡಿದ. ಎಣ್ಣೆ ಕಪ್ಪಗಿತ್ತು. ಸುಟ್ಟ ವಾಸನೆ ಬರುತ್ತಿತ್ತು.

"ಎಣ್ಣೆ ಸತ್ತೋಗಿದೆ ಯಜಮಾನ್ರೇ. ಬದಲಾಯಿಸಿದ್ರೆ ಸರಿಹೋಗುತ್ತೆ, ಮನೇಲೇ ಮಾಡ್ಕೋಬಹುದು. ಮುಂದಿನ ಚಕ್ರ ಎರಡೂ ಮೇಲೆತ್ತಿ. ಇಂಜಿನ್ ಚಾಲೂ ಮಾಡ್ಬೇಡಿ. ಡಬ್ಬಿಗೆ ವಾಪಸ್ ಬರೋ ಪೈಪು ಇದು. ಇದನ್ನ ಬಿಚ್ಚಿ ಒಂದು ಡಬ್ಬಕ್ಕೆ ಬಿಡಿ. ಒಬ್ಬರು ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸ್ತಾ ಇರಲಿ. ಹಳೇದು ಹೊರಗೆ ಹೋಗ್ತಾ ಇರುತ್ತೆ, ನೀವು ಮೇಲಿಂದ ಹೊಸದು ಸುರೀತಾ ಇರಿ. ಹಳೇದು ಒಂದು ತೊಟ್ಟೂ ಉಳೀಬಾರದು."

"ಒಂದು ತೊಟ್ಟೂ?"

"ಒಂದು ತೊಟ್ಟೂ."

ಆ ಮಾತು ವ್ಯಾಪಾರಿಗೆ ಹಿಡಿಸಲಿಲ್ಲ. ಅವನು ತನ್ನ ಆಯುಷ್ಯದಲ್ಲಿ ಯಾವ ಪಾತ್ರೆಯನ್ನೂ ತೊಟ್ಟೂ ಉಳಿಯದಂತೆ ಬರಿದು ಮಾಡಿದವನಲ್ಲ. ಅದೂ ಮಗಳನ್ನು ಕರೆತರಲು ಹೊರಟಿರುವ ಗಾಡಿಯಲ್ಲಿ, ಅದೂ ಈ ವಾರದಲ್ಲಿ. ಅವನು ತಲೆಯಾಡಿಸಿ, ಎಣ್ಣೆಯ ಶೀಷೆ ಕೊಂಡು ಮನೆಗೆ ಬಂದ. ಬಂದವನು ತನಗೆ ತೋಚಿದಂತೆ ಮಾಡಿದ. ಪೈಪು ಬಿಚ್ಚಲಿಲ್ಲ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿನಿಂದ ಡಬ್ಬಿಯಲ್ಲಿದ್ದ ಹಳೆ ಎಣ್ಣೆ ಎಳೆದು ತೆಗೆದ. ತಳದಲ್ಲಿ ಸ್ವಲ್ಪ ಬಿಟ್ಟ. ಅದರ ಮೇಲೆ ಹೊಸದನ್ನು ಹೊಯ್ದ. ಹೊಸ ಎಣ್ಣೆ ದಾಸವಾಳದ ಹಾಗೆ ಕೆಂಪಗಿತ್ತು. ವ್ಯಾಪಾರಿ ಬಾನೆಟ್ ಮುಚ್ಚಿ ಕೈಮುಗಿದ.

ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದು ಮುಚ್ಚಳ ತೆಗೆದು ನೋಡಿದ. ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು.

ಮತ್ತೆ ಎಳೆದು ತೆಗೆದ. ಮತ್ತೆ ತಳದಲ್ಲಿ ಸ್ವಲ್ಪ ಬಿಟ್ಟ. ಮತ್ತೆ ಹೊಸದನ್ನು ಹೊಯ್ದ. ನಿಂತಿರುವಾಗ ಕೆಂಪು. ಗಾಡಿ ಓಡಿಸಿ ಬಂದರೆ ಮತ್ತೆ ಅದೇ ಬಣ್ಣ. ತಿರುವಿನಲ್ಲಿ ಅದೇ ನರಳಾಟ. ಗುರುವಾರ ಹತ್ತಿರ ಬರುತ್ತಿತ್ತು. ವ್ಯಾಪಾರಿಗೆ ಎಣ್ಣೆಯ ಮೇಲೆಯೇ ಅನುಮಾನ ಬಂತು. ತಳದಲ್ಲಿ ಒಂದಿಷ್ಟು ಉಳಿಸಿದ ಶೀಷೆ ಹಿಡಿದು ಅಂಗಡಿಗೆ ಹೋದ.

"ಕಲಬೆರಕೆ ಕೊಟ್ಟಿದ್ದೀಯ ನೀನು. ಬಸುರಿ ಮಗಳನ್ನ ಕೂರಿಸ್ಕೊಂಡು ಬರೋ ಗಾಡಿ ಇದು."

ಅಂಗಡಿಯವನು ಜಗಳವಾಡಲಿಲ್ಲ. ಬೇರೆ ಶೀಷೆಯ ಮುಚ್ಚಳ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ತೋರಿಸಿದ. "ಶೀಷೇಲಿ ಕೆಂಪಗಿದೆ, ಕಾಗದದ ಮೇಲೂ ಕೆಂಪಗಿದೆ. ನಿಮ್ಮ ಗಾಡಿಗೆ ಇಳಿದ ಮೇಲೆ ಕಪ್ಪಾದ್ರೆ ಶೀಷೆ ಏನು ಮಾಡುತ್ತೆ ಯಜಮಾನ್ರೇ? ಪೈಪು ಬಿಚ್ಚಿದ್ರಾ?"

ವ್ಯಾಪಾರಿ ತಂದಿದ್ದ ಶೀಷೆಯನ್ನು ಅಲ್ಲೇ ಇಟ್ಟ. ಇನ್ನಷ್ಟು ಎಣ್ಣೆ ಕೊಂಡು ಹಿಂದಿರುಗಿದ.

ಬುಧವಾರ ಮಧ್ಯಾಹ್ನ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಸಿರಿಂಜು ಹಿಡಿದು ಕುಳಿತಿದ್ದ. ಮಾರನೆಯ ಬೆಳಿಗ್ಗೆ ಹೊರಡಬೇಕು. ಹೆಂಡತಿ ಕಾಯಿಸಿದ ಹಾಲನ್ನು ಆರಿಸಿ ಮೊಸರಿಗೆ ಹೆಪ್ಪು ಹಾಕುತ್ತಿದ್ದಳು.

"ಮತ್ತೆ ಕಪ್ಪಾಯ್ತಾ?"

"ಆಯ್ತು."

"ಹಳೇದು ಪೂರ್ತಿ ತೆಗೆದ್ರಾ?"

"ಪೂರ್ತಿ ಹೆಂಗೆ ತೆಗೆಯೋದು? ತಳದಲ್ಲಿ ಸ್ವಲ್ಪ ಬಿಟ್ಟೆ. ಪೈಪಿನಲ್ಲಿರೋದು ಹಂಗೇ ಇದೆ. ಬರಿದು ಮಾಡಬಾರದಲ್ಲ."

ಹೆಂಡತಿ ಕೈಯಲ್ಲಿದ್ದ ಚಮಚವನ್ನು ಅವನ ಮುಖದ ಮುಂದೆ ಹಿಡಿದಳು. ಅದರಲ್ಲಿ ನಿನ್ನೆಯ ಮೊಸರು ಒಂದಿಷ್ಟೇ ಇತ್ತು.

"ರೀ, ನೋಡಿ. ಇಷ್ಟು ಹಾಕಿದ್ರೆ ಈ ಪಾತ್ರೆ ಹಾಲೆಲ್ಲ ನಾಳೆ ಮೊಸರು. ಈ ಹೆಪ್ಪು ಹುಳಿಯಾಗಿದ್ರೆ ನಾಳೆ ಮೊಸರೂ ಹುಳಿ. ಹಾಲು ಎಷ್ಟು ಒಳ್ಳೇದು ಅಂತ ಅದು ಕೇಳಲ್ಲ. ನೀವು ಹಳೇ ಎಣ್ಣೇನ ಹೆಪ್ಪಿಗೆ ಉಳಿಸ್ಕೊಂಡು, ಹೊಸದು ಕೆಂಪಗಿರಲಿ ಅಂತ ಕೈಮುಗಿದ್ರೆ ದೇವರಾದ್ರೂ ಏನು ಮಾಡ್ತಾನೆ?"

ವ್ಯಾಪಾರಿ ಚಮಚವನ್ನೇ ನೋಡುತ್ತ ಕುಳಿತ. "ಬರಿದಾದ್ರೆ?" ಎಂದ.

"ಬರಿದು ಯಾಕಾಗುತ್ತೆ? ಈ ಕಡೆ ಹೋಗ್ತಿರಲಿ, ಆ ಕಡೆ ಸುರೀತಿರಿ ಅಂತ ತಾನೇ ಅವನು ಹೇಳಿದ್ದು? ಒಂದು ತೊಟ್ಟೂ ಉಳೀಬಾರದು ಅನ್ನೋದನ್ನಷ್ಟೇ ಕಿವಿಗೆ ಹಾಕ್ಕೊಂಡು ಬಂದ್ರಿ. ಸುರೀತಿರಿ ಅನ್ನೋದನ್ನ ಅಲ್ಲೇ ಬಿಟ್ಟು ಬಂದ್ರಿ. ಏಳಿ, ನಾನು ತಿರುಗಿಸ್ತೀನಿ."

ಅಂಗಳದಲ್ಲಿ ಕಾರು ನಿಂತಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಜಾಕಿನಿಂದ ಮುಂಭಾಗ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇರಿಂಗ್ ಮುಂದೆ ಕುಳಿತಳು. ಅವಳು ಆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ವ್ಯಾಪಾರಿ ಪೈಪು ಬಿಚ್ಚಿ ಅದರ ಬಾಯನ್ನು ಹಳೆಯ ಡಬ್ಬಕ್ಕೆ ಇಳಿಬಿಟ್ಟ. ಡಬ್ಬಿಯಲ್ಲಿ ಪೈಪು ಕಳಚಿದ ತೂತಿಗೆ ಬಿರಡೆ ಬಿಗಿದ.

"ತಿರುಗಿಸು."

ಅವಳು ಎಡಕ್ಕೆ ತಿರುಗಿಸಿದಳು. ಬಲಕ್ಕೆ ತಿರುಗಿಸಿದಳು. ಪೈಪಿನಿಂದ ಕಪ್ಪು ಎಣ್ಣೆ ಇಳಿಯತೊಡಗಿತು. ಡಬ್ಬಿಯಲ್ಲಿ ಮಟ್ಟ ತಗ್ಗಿತು. ಅವನು ಮೇಲಿನಿಂದ ಹೊಸದನ್ನು ಸುರಿದ. ಮತ್ತೆ ತಗ್ಗಿತು, ಮತ್ತೆ ಸುರಿದ. ಹೊರಗೆ ಬರುವುದು ಕಪ್ಪೇ ಕಪ್ಪು. ಇಷ್ಟೊಂದು ಎಲ್ಲಿ ಅಡಗಿತ್ತು ಎಂದು ಅವನಿಗೆ ಸೋಜಿಗವಾಯಿತು. ಅದನ್ನೇ ನೋಡುತ್ತ ನಿಂತ. ಸುರಿಯುವ ಕೈ ನಿಂತುಹೋಯಿತು.

ಡಬ್ಬಿಯೊಳಗೆ ಗೊಳಕ್ ಎಂದು ಸದ್ದಾಯಿತು.

"ರೀ, ಸುರೀರಿ. ಹೋಗೋದನ್ನ ನೋಡ್ಕೊಂಡು ನಿಂತ್ರೆ ಹಾಕೋರು ಯಾರು?"

ಅವನು ಗಾಬರಿಯಿಂದ ಸುರಿದ. ಅಷ್ಟರಲ್ಲಿ ಸ್ವಲ್ಪ ಗಾಳಿ ಒಳಗೆ ಹೋಗಿತ್ತು. ಆಮೇಲೆ ಅವನು ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. ಪೈಪಿನಿಂದ ಬರುವುದು ಕಪ್ಪು ಹೋಗಿ ಕಂದು ಬಣ್ಣವಾಯಿತು. ಕಂದು ಹೋಗಿ ಕೆಂಪಾಯಿತು. ಕೊನೆಗೆ ಮೇಲೆ ಸುರಿದ ಬಣ್ಣವೇ ಕೆಳಗೆ ಬಂತು. ಅವನು ಪೈಪನ್ನು ಮೊದಲಿನಂತೆ ಸೇರಿಸಿ ಕ್ಲಿಪ್ಪು ಬಿಗಿದ. ಡಬ್ಬಿ ತುಂಬಿದ. ಇಂಜಿನ್ ಚಾಲೂ ಮಾಡಿದ.

ಗಾಡಿ ಹಿಂದೆಂದೂ ಇಲ್ಲದಂತೆ ಕಿರುಚಿತು.

ವ್ಯಾಪಾರಿ ಕೂಡಲೇ ಆರಿಸಿದ. ಮುಚ್ಚಳ ತೆಗೆದರೆ ಡಬ್ಬಿಯ ತುಂಬ ನೊರೆ. ಅವನು ಹೆಂಡತಿಯ ಕಡೆ ತಿರುಗಿದ. "ಬರಿದು ಮಾಡಿಬಿಟ್ಟೆ ಕಣೇ. ನಾಳೆ ಬೆಳಿಗ್ಗೆ ಹುಡುಗಿ ಬಾಗಿಲಲ್ಲಿ ಕಾಯ್ತಾ ಇರ್ತಾಳೆ."

"ಕಡೆದಾಗ ನೊರೆ ಬರದೆ ಇರುತ್ತಾ? ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ."

ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕುಳಿತರು. ಅವನು ಎರಡು ಸಲ ಎದ್ದ. ಎರಡು ಸಲವೂ ಅವಳು ಕೈಹಿಡಿದು ಕೂರಿಸಿದಳು. ನೊರೆ ತಾನಾಗಿಯೇ ಇಳಿಯಿತು. ಆಮೇಲೆ ಇಂಜಿನ್ ಚಾಲೂ ಮಾಡದೆ ಅವಳು ನಿಧಾನವಾಗಿ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು. ಒಳಗೆ ಸೇರಿದ್ದ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೆ ಬಂತು. ಮಟ್ಟ ತಗ್ಗಿದಷ್ಟು ಅವನು ಹೊಯ್ದ. ಗುಳ್ಳೆ ಬರುವುದು ನಿಂತ ಮೇಲೆ ಮತ್ತೆ ಚಾಲೂ ಮಾಡಿದ. ಸದ್ದಿಲ್ಲ.

ಗಾಡಿಯನ್ನು ದಿಮ್ಮಿಯಿಂದ ಇಳಿಸಿ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದ. ಮುಚ್ಚಳ ತೆಗೆದ. ಕೆಂಪಗಿತ್ತು. ಅವನು ಹಿಗ್ಗಲಿಲ್ಲ, ಮೊದಲು ಮೋಸಹೋಗಿದ್ದವನಲ್ಲವೇ. ಗುರುವಾರ ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ಸಲ ನೋಡಿದ. ಆಗಲೂ ಕೆಂಪಗಿತ್ತು.

ಹೋಗುವಾಗ ಘಾಟಿಯ ಮೊದಲ ತಿರುವಿನಲ್ಲಿ ಅವನ ಅಂಗೈ ಬೆವೆತಿತ್ತು. ಸ್ಟೇರಿಂಗ್ ಹಗುರವಾಗಿ ತಿರುಗಿತು. ಆದರೂ ಅವನ ಭಯ ಹೋಗಲಿಲ್ಲ. ಬರುವಾಗ ಹಿಂದಿನ ಸೀಟಿನಲ್ಲಿ ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಪ್ರತಿ ತಿರುವಿನಲ್ಲೂ ಅವನು ನರಳಾಟ ಕೇಳಿಸೀತೆಂದು ಕಿವಿಗೊಟ್ಟ. ಮಗಳ ಉಸಿರಾಟವಷ್ಟೇ ಕೇಳಿಸಿತು. ಮೇಲೆ ಬಯಲು ಸಿಕ್ಕ ಮೇಲೆ ಹೆಂಡತಿ ಮಗಳ ತಲೆ ಸವರಿ, "ಏಳಮ್ಮ, ಘಾಟಿ ದಾಟಿದ್ವಿ" ಎಂದಳು.

ಮಗಳು ಕಣ್ಣು ಬಿಟ್ಟು, "ಘಾಟಿ ಯಾವಾಗ ಬಂತು?" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ತಾನೇ ಆ ಘಾಟಿ ಹತ್ತಿ ಬಂದವನಂತೆ ದೀರ್ಘವಾಗಿ ಉಸಿರುಬಿಟ್ಟ. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಹೊರಡಲೆಂದು ಎದ್ದವನು ಮತ್ತೆ ಕುಳಿತ.

"ಅವನದು ಸರಿ ಬುದ್ಧಿ. ಪೈಪಿನ ತುಂಬ ಹಳೇದೇ ಇತ್ತು. ನನ್ನದು ಹಂಗಲ್ಲವಲ್ಲ. ಒಂದೇ ಒಂದು ಮಾತು. ತಳದಲ್ಲಿ ಇಷ್ಟೇ ಇಷ್ಟು."

ಗುರುಗಳು ಅವನ ಮುಖ ನೋಡಿದರು.

"ಆ ಇಷ್ಟನ್ನು ಹೆಪ್ಪು ಹಾಕಿದ ಮೊಸರನ್ನು ಮದುವೆಯ ದಿನ ನಿನ್ನ ತಮ್ಮನ ಮಗಳ ಎಲೆಗೇ ಬಡಿಸುತ್ತೀಯಾ ಮರುಳಯ್ಯ?"