ಪರದೆಗೆ ಅಡ್ಡ ನಿಂತ ಇಂದ್ರವ್ವ

ಬಹಳ ಹಿಂದೆ, ಪರದೆಯ ಮೇಲಿನ ಬೊಂಬೆಗಳು ಆಗಷ್ಟೇ ಮಾತು ಕಲಿತಿದ್ದ ಕಾಲದಲ್ಲಿ, ಒಂದೂರಲ್ಲಿ ಇಂದ್ರವ್ವ ಅಂತ ಒಬ್ಬಳಿದ್ದಳಂತೆ. ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವಳು, ಅಲ್ಲಿಂದ ಸಿನಿಮಾಕ್ಕೆ ಹೋದಳು. ಬರೆದುಕೊಟ್ಟ ಮಾತು ಬಾಯಿಗೆ ಹಿಡಿಸಲಿಲ್ಲ ಅಂತ ತಾನೇ ಬರೆದಳು. ಆಡಿಸುವವರು ಆಡಿಸಿದ್ದು ಸರಿಬರಲಿಲ್ಲ ಅಂತ ತಾನೇ ಆಡಿಸಿದಳು. ಕ್ಯಾಮೆರಾದವನು, ದೀಪದವನು, ಮೀಸೆ ತಿರುವುವ ದೊಡ್ಡ ದೊಡ್ಡ ನಟರು, ಎಲ್ಲರೂ ಅವಳು ಕೂಡು ಅಂದರೆ ಕೂತರು, ನಿಲ್ಲು ಅಂದರೆ ನಿಂತರು. ಅವಳು ಪರದೆಯ ಮೇಲೆ ಅತ್ತರೆ ಸಿನಿಮಾ ಟೆಂಟಿನ ನೆಲ ಒದ್ದೆಯಾಗುತ್ತಿತ್ತು ಅಂತಾರೆ. ಅಷ್ಟನ್ನು ನಾನು ನಂಬುವುದಿಲ್ಲ. ಉಳಿದದ್ದು ನಿಜ.

ಅವಳ ತಾಯಿ ಕಾಶವ್ವ ಊರಲ್ಲೇ ಇದ್ದಳು. ಗಂಡ ಸತ್ತ ಮೇಲೆ ಮದುವೆಮನೆಗಳಲ್ಲಿ ಪಾತ್ರೆ ತಿಕ್ಕಿ ಮಗಳನ್ನು ಸಾಕಿದವಳು. ಕೊನೆಯ ಪಂಕ್ತಿಯಲ್ಲಿ ತನ್ನೆಲೆಗೆ ಬಿದ್ದ ಲಾಡನ್ನು ತಿನ್ನದೆ, ಯಾರೂ ನೋಡದ ಹಾಗೆ ಸೆರಗಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದಳು.

ಒಂದು ಸಿನಿಮಾದಲ್ಲಿ ಇಂದ್ರವ್ವನಿಗೆ ಜನರನ್ನು ನಗಿಸುವ ಜಾಗ ಬೇಕಾಯಿತು. ಏನು ಬರೆದರೂ ನಗು ಹುಟ್ಟಲಿಲ್ಲ. ಆಗ ನೆನಪಾದದ್ದು ಆ ಲಾಡು. ಲಾಡು ಕದ್ದು ಸೆರಗಿಗೆ ಕಟ್ಟುವ ಮುದುಕಿಯನ್ನು ಬರೆದಳು, ತಾನೇ ಬಣ್ಣ ಹಚ್ಚಿ ಆ ಮುದುಕಿಯಾದಳು. ತಾಯಿಯ ಕುಂಟು ನಡಿಗೆಯನ್ನೂ ಬಿಡಲಿಲ್ಲ. ಅದೂ ಸಾಲದೆಂದು, ಗಂಟು ಬಿಚ್ಚಿ ಲಾಡು ಪಂಕ್ತಿಯ ನಡುವೆ ಉರುಳುವ ಹಾಗೆ ಮಾಡಿದಳು. ಅದು ಎಂದೂ ನಡೆದದ್ದಲ್ಲ.

ಸಿನಿಮಾ ಊರಿಗೆ ಬಂತು. ಕಾಶವ್ವ ಹೊಸ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ಮಗಳು. ಪರದೆಯ ಮೇಲೆ ಲಾಡು ಉರುಳಿತು. ಟೆಂಟು ಬಿದ್ದುಹೋಗುವ ಹಾಗೆ ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ಕಾಶವ್ವನನ್ನು ನೋಡಿದರು. ಅವಳ ಕೈ ತಾನಾಗಿಯೇ ಸೆರಗಿನ ತುದಿಯನ್ನು ಮುಚ್ಚಿಕೊಂಡಿತು. ಇಂದ್ರವ್ವ ಅದನ್ನು ಕಂಡಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತಂತೆ.

ಮನೆಗೆ ಬಂದ ಮೇಲೆ ಕಾಶವ್ವ ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳಂತೆ: “ನನ್ನಂಗ ಮಾಡೂಮುಂದ ನಿನಗೂ ನಗು ಬಂತೇನ, ಮಗಳ?”

ಇಂದ್ರವ್ವನಿಗೆ ನಗು ಬಂದಿತ್ತು. ತಡೆಯಲಾರದೆ ಅದೇ ದೃಶ್ಯವನ್ನು ಮೂರು ಸಲ ತೆಗೆಸಿದ್ದಳು.

ಆವತ್ತಿನಿಂದ ಕಾಶವ್ವ ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಇಂದ್ರವ್ವ ಆ ಭಾಗವನ್ನು ಕತ್ತರಿಸಿ ಬಿಡೋಣ ಅಂದರೆ ಸಿನಿಮಾದ ಧಣಿ ಒಪ್ಪಲಿಲ್ಲ, ಜನ ಬರುವುದೇ ಅದಕ್ಕೆ ಅಂದುಬಿಟ್ಟ. ಆಗ ಅವಳು ರೀಲು ಹೋದ ಊರಿಗೆಲ್ಲ ತಾನೂ ಹೊರಟಳು. ಲಾಡಿನ ದೃಶ್ಯ ಬಂದ ಕೂಡಲೇ ಎದ್ದು ಹೋಗಿ ಪರದೆಗೆ ಅಡ್ಡ ನಿಲ್ಲುತ್ತಿದ್ದಳಂತೆ. ಆ ಮುದುಕಿಯ ಚಿತ್ರ ಅವಳ ಮುಖದ ಮೇಲೇ ಬೀಳುತ್ತಿತ್ತಂತೆ.

“ಈಕಿ ನಮ್ಮವ್ವ. ಲಾಡು ಕದ್ದದ್ದಲ್ಲ, ಆಕಿ ಎಲಿಗೆ ಬಿದ್ದದ್ದು. ತಿಂದಾಕಿ ನಾನು,” ಅನ್ನುತ್ತಿದ್ದಳಂತೆ.

ಕೆಲವು ಕಡೆ ಜನ ಸುಮ್ಮನಾದರು. ಕೆಲವು ಕಡೆ ಅದನ್ನೂ ಆಟವೆಂದು ತಿಳಿದು ಇನ್ನಷ್ಟು ನಕ್ಕರು. ಹಾಗೆ ನಲವತ್ತು ಊರಲ್ಲಿ ನಿಂತಳು ಅಂತಾರೆ, ನೂರು ಅನ್ನುವವರೂ ಇದ್ದಾರೆ. ಅವಳು ಮತ್ತೆ ಬಣ್ಣ ಹಚ್ಚಲಿಲ್ಲ, ಬರೆಯಲೂ ಇಲ್ಲ.

ಕಾಶವ್ವ ಮಾತ್ರ ಸಾಯುವ ತನಕ ಪಂಕ್ತಿಗೆ ಕೂರಲಿಲ್ಲ. ಮೊದಲ ದಿನ ನಕ್ಕ ಊರಿನವರಿಗೂ ಅವಳೆದುರು ತಲೆ ಎತ್ತಲಾಗಲಿಲ್ಲ. ಇವತ್ತಿಗೂ ಆ ಊರಲ್ಲಿ ಯಾರ ಮನೆಯ ಊಟವಾದರೂ, ಬಡಿಸುವವರು ಹೆಂಗಸರ ಸಾಲಿಗೆ ಬಂದಾಗ ಎಲೆಗೊಂದು ಲಾಡು ಹಾಕುತ್ತಾರೆ, ಇನ್ನೊಂದನ್ನು ಕೈಗೆ ಕೊಡುತ್ತಾರೆ. ಕೊಟ್ಟು, ತೆಗೆದುಕೊಂಡವಳು ಅದನ್ನು ಸೆರಗಿಗೆ ಕಟ್ಟಿಕೊಳ್ಳುವ ತನಕ ಮುಖ ಆಚೆ ತಿರುಗಿಸಿ ನಿಲ್ಲುತ್ತಾರೆ.