ಗಡಿಯಾಚೆ ಎಸೆದ ನವಣೆ

“ಗುರುಗಳೇ, ನಾವು ಉಗಿಯುವುದು ಯಾರಿಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ತಲೆ ಎತ್ತಿದರು. ಶಿಷ್ಯ ಬಿಡಿಸಿ ಹೇಳಿದ. ಯುಗಾದಿಗೆ ಅವನ ಊರಿನಲ್ಲಿ ಹೊನ್ನಾರು ಹೂಡುತ್ತಾರೆ. ವರ್ಷದ ಮೊದಲ ನೇಗಿಲು ಅದು. ಊರು ಕಟ್ಟಿದವರ ಮನೆಯವರೇ ಹಿಡಿಯಬೇಕು. ಆ ಮನೆ ಇವನದು. ಒಂದು ಸುತ್ತು ಉತ್ತ ಮೇಲೆ ಹೊಲದಲ್ಲೇ ನವಣೆ ಅನ್ನ ಉಣ್ಣುತ್ತಾರೆ. ಉಂಡೆದ್ದು ಒಂದು ಹಿಡಿ ನವಣೆಯನ್ನು ಗಡಿಕಲ್ಲಿನ ಆಚೆ ಎಸೆದು, ಎಸೆದ ಕಡೆಗೆ ಥೂ ಎಂದು ಉಗಿಯುತ್ತಾರೆ. ಅಪ್ಪನಿಗೆ ಕೈ ನಡುಗುತ್ತದೆ, ಈ ಸಲ ನೀನೇ ಬಂದು ಹಿಡಿ ಎಂದು ಮನೆಯಿಂದ ಹೇಳಿಕಳಿಸಿದ್ದಾರೆ.

“ಮಾರಿಗೆ ಅನ್ನುತ್ತಾರೆ ಹಿರಿಯರು. ಯಾವ ಮಾರಿ ಅಂದರೆ ಬಾಯಿ ಬಿಡುವುದಿಲ್ಲ.”

“ಬಿಟ್ಟರೆ ಹುಳುಕು ಹಲ್ಲು ಕಾಣುತ್ತದಲ್ಲ. ಕೂತುಕೋ,” ಎಂದರು ಗುರುಗಳು. ಕತೆ ಹೇಳಿದರು.

ಒಂದು ಕಲ್ಲುಭೂಮಿ. ಅಲ್ಲಿಗೆ ಒಬ್ಬ ಹೆಂಗಸು ಬಂದಳು. ಗಂಡ ಹೊಡೆದು ಅಟ್ಟಿದನೋ, ಇವಳೇ ಬಿಟ್ಟು ಬಂದಳೋ, ಮಂಚದ ಕೆಳಗೆ ಕೂತು ಕೇಳಿದವರು ಯಾರೂ ಇಲ್ಲ. ಕಂಕುಳಲ್ಲಿ ನವಣೆಯ ಗಡಿಗೆ, ಹೆಗಲ ಮೇಲೆ ಗುದ್ದಲಿ. ಕಲ್ಲು ಆಯ್ದಳು, ಮುಳ್ಳು ಕಡಿದಳು, ನೆಲ ಅಗೆದಳು. ಎತ್ತಿಲ್ಲ, ನೇಗಿಲಿಲ್ಲ. ಆದರೂ ತೆನೆ ಬಾಗಿತು.

ಒಲೆಯ ಹೊಗೆ ಕಂಡು ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ. ಅವನ ಊರು ಅವನಿಗೆ ಬಾಗಿಲು ಹಾಕಿತ್ತು. ಯಾಕೆ ಎಂದು ಇವಳು ಕೇಳಲಿಲ್ಲ. ಗಂಜಿ ಕೊಟ್ಟಳು, ಬೀಜ ಕೊಟ್ಟಳು, ಉಳಲು ಜಾಗ ತೋರಿಸಿದಳು. ಅವನ ಹಿಂದೆ ಹೆಂಡತಿ ಬಂದಳು, ಹೆಂಡತಿಯ ಹಿಂದೆ ಅಣ್ಣತಮ್ಮಂದಿರು, ಅವರ ಹಿಂದೆ ನೆಂಟರು. ಎಲ್ಲರೂ ಮೊದಲು ಕುಡಿದದ್ದು ಅವಳ ಗಂಜಿಯನ್ನೇ. ಕುಡಿದ ಬಾಯಿ ಒಣಗುವ ಮೊದಲೇ ನೀರಿನ ಹತ್ತಿರ ಗುಸುಗುಸು ಶುರುವಾಯಿತು: ಗಂಡನನ್ನು ಬಿಟ್ಟು ಓಡಿ ಬಂದವಳಂತೆ ಕಣೇ! ಹೇಳಿದವಳೂ ಓಡಿ ಬಂದವಳು, ಕೇಳಿದವಳೂ ಓಡಿ ಬಂದವಳು.

ಊರಾಯಿತು. ಊರಾದ ಮೇಲೆ ಹೊನ್ನಾರು ಬೇಕಲ್ಲ. ಯಾರು ಹೂಡಬೇಕು ಎಂದು ಪಂಚರು ಕೂತರು. ಊರು ಕಟ್ಟಿದವರು ಹೂಡಬೇಕು ಎಂದಾಯಿತು.

“ಹಾಗಾದರೆ ನಾನು,” ಎಂದಳು ಅವಳು.

“ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆ,” ಎಂದ ರೈತ. “ನೀನು ಮುಟ್ಟಿದ್ದೀಯೇನು?”

“ಇಲ್ಲಪ್ಪ. ಎಲ್ಲ ಗುದ್ದಲಿಯಲ್ಲೇ ಅಗೆದದ್ದು.”

“ಕೇಳಿದಿರಾ? ಅಗೆದಳಂತೆ, ಉಳಲಿಲ್ಲವಂತೆ. ನೇಗಿಲು ಕಾಣದ ನೆಲ ಬರೀ ಕಾಡು. ಕಾಡನ್ನು ಹೊಲ ಮಾಡಿದ್ದು ನನ್ನ ನೇಗಿಲು.”

ನೆಲ ಅವಳದು ಎಂದರೆ ತಮ್ಮ ತಮ್ಮ ಹೊಲವೂ ಅವಳದೇ ಆದೀತು. ಪಂಚರು ತಲೆಯಾಡಿಸಿದರು.

ಅವಳು ಗುದ್ದಲಿ ಎತ್ತಿಕೊಂಡಳು, ಗಡಿಗೆ ಎತ್ತಿಕೊಂಡಳು. ರೈತನ ಹೆಂಡತಿ ಗಡಿಗೆಯ ಕಂಠ ಹಿಡಿದಳು. “ಬೀಜ ಊರಿನದು ಕಣೇ. ಗುದ್ದಲಿ ಬೇಕಾದರೆ ಒಯ್ಯಿ.”

ಅವಳು ಗಡಿಗೆ ಬಿಟ್ಟಳು. ಗಡಿಯಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು, ಹೋದಳು. ಬೈದಿದ್ದರೆ ಊರು ಮರೆತುಬಿಡುತ್ತಿತ್ತು. ಬೈಯದೆ ಹೋದಳಲ್ಲ, ಅದಕ್ಕೇ ಹೆದರಿತು. ತಿರುಗಿ ಬಂದು ನನ್ನದು ಎಂದರೆ? ಮರುವರ್ಷದಿಂದ ಒಂದು ಹಿಡಿ ನವಣೆ ಎಸೆದು, ಇತ್ತ ಬರಬೇಡ ಎಂದು ಉಗಿಯತೊಡಗಿದರು. ಇವತ್ತಿಗೂ ಆ ಊರು ಬಿತ್ತುವುದು ಆ ಗಡಿಗೆಯ ಬೀಜದ ಪೀಳಿಗೆಯನ್ನೇ.

ಶಿಷ್ಯ ನೆಲ ನೋಡುತ್ತಿದ್ದ. ಆ ರೈತ ಯಾರ ಮನೆಯವನು ಎಂದು ಕೇಳಲಿಲ್ಲ. “ಹಾಗಾದರೆ ಈ ಯುಗಾದಿಗೆ ನಾನು ಹೊನ್ನಾರು ಹಿಡಿಯಲೋ, ಬೇಡವೋ?” ಎಂದ.

“ಹಿಡಿಯಪ್ಪ, ಹಿಡಿ; ಉಗಿಯುವ ಮೊದಲು ಮಾತ್ರ ಬಾಯಿ ಮುಕ್ಕಳಿಸಿಕೋ, ಅವಳ ಅನ್ನ ಇನ್ನೂ ಹಲ್ಲಿನ ಸಂದಿಯಲ್ಲಿರುತ್ತದೆ.”